ಸಾಸರಿನಡಿಯ ಇಪ್ಪತ್ತು ಪೈಸೆ

ಮೂವತ್ತೊಂಬತ್ತು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಎದ್ದವನು ನಾನು. ಕೊನೆಕೊನೆಗಂತೂ ಕಂಡ ಗಿರಾಕಿಗೆಲ್ಲ ಒಂದೇ ಉಪದೇಶ: “ಕಾರ್ಡನ್ನು ಕಣ್ಣೆದುರಿನಿಂದ ಆಚೆ ಹೋಗಲು ಬಿಡಬೇಡಿ.” ಹಾಗಾಗಿ 2019ರ ಮೇ ತಿಂಗಳ ಒಂದು ಸಂಜೆ, ಡಲ್ಲಾಸ್ ಪಕ್ಕದ ಅರ್ವಿಂಗ್ ಎಂಬ ಊರಿನ ಹೋಟೆಲಿನಲ್ಲಿ, ಬಡಿಸಿದ ಹುಡುಗಿ ನನ್ನ ಕಾರ್ಡನ್ನು ಕಪ್ಪು ರಟ್ಟಿನ ಪುಸ್ತಕದೊಳಗೆ ಸಿಕ್ಕಿಸಿಕೊಂಡು ನಗುನಗುತ್ತ ಒಳಗೆ ನಡೆದಾಗ, ನಾನು ಕುರ್ಚಿ ಹಿಂದಕ್ಕೆ ತಳ್ಳಿ ಅವಳ ಬೆನ್ನು ಹಿಡಿದೆ. “ಪಪ್ಪಾ, ಕೂತ್ಕೊಳ್ಳಿ” ಎಂದು ಮಗಳು ಹಲ್ಲು ಕಚ್ಚಿ ಹೇಳಿದ್ದು ಕೇಳಿಸಿತು. ಕೇಳಿಸದವನಂತೆ ನಡೆದೆ. ಅಡುಗೆಮನೆಯ ಬಾಗಿಲ ಬಳಿ ಆ ಹುಡುಗಿ ತಿರುಗಿ ನೋಡಿದಳು. ಅರವತ್ತು ದಾಟಿದ ಗಂಡಸೊಬ್ಬ ಅವಸರದಲ್ಲಿ ಬರುತ್ತಿರುವುದನ್ನು ಕಂಡು ಅವಳಿಗೆ ಎಲ್ಲ ಅರ್ಥವಾಯಿತು. ಬಹಳ ಕರುಣೆಯಿಂದ ಎಡಗಡೆಗೆ ಕೈ ತೋರಿಸಿದಳು. ನಾನು ಎಡಕ್ಕೆ ತಿರುಗಿ, ಪಾಯಖಾನೆಗೆ ಹೋಗಿ, ಬೇಕಿಲ್ಲದಿದ್ದರೂ ಕೈ ತೊಳೆದುಕೊಂಡು ಹೊರಗೆ ಬಂದೆ.

ಅಷ್ಟರಲ್ಲಿ ಕಾರ್ಡು ಮೇಜಿಗೆ ವಾಪಸು ಬಂದಿತ್ತು, ಜೊತೆಗೆ ಎರಡು ಚೀಟಿ, ಒಂದು ಪೆನ್ನು. ಪಿನ್ ಯಾರೂ ಕೇಳಿರಲಿಲ್ಲ. 69 ಡಾಲರ್ 28 ಸೆಂಟ್ ಹೋಯಿತೆಂದು ಫೋನಿಗೆ ಮೆಸೇಜು ಮಾತ್ರ ಬಂದಿತ್ತು. ಚೀಟಿಯಲ್ಲೂ ಅದೇ ಮೊತ್ತ. ಅದರ ಕೆಳಗೆ ಎರಡು ಖಾಲಿ ಗೆರೆ, ಒಂದು ಟಿಪ್ಸಿಗೆ, ಇನ್ನೊಂದು ಒಟ್ಟು ಮೊತ್ತಕ್ಕೆ. ದುಡ್ಡು ಹೋದ ಮೇಲೆ ಎಷ್ಟು ಹೋಗಬೇಕೆಂದು ನಾನೇ ಬರೆಯಬೇಕು! ಅಲ್ಲಿ ಮೊದಲು ಬಿಲ್ಲಿನ ಮೊತ್ತಕ್ಕೆ ಬ್ಯಾಂಕಿನಿಂದ ಒಪ್ಪಿಗೆ ಪಡೆದಿಡುತ್ತಾರೆ. ಗಿರಾಕಿ ಬರೆದಿಟ್ಟ ಟಿಪ್ಸನ್ನು ಆಮೇಲೆ ಕೂಡಿಸಿ, ಅಂದಿನ ಲೆಕ್ಕ ಮುಗಿಸುವಾಗ ಪೂರ್ತಿ ಹಣ ಎಳೆದುಕೊಳ್ಳುತ್ತಾರೆ. ನಾವು ಮನೆಗೆ ಹೋಗಿ ಮಲಗಿದ ಮೇಲೆ ಹೋಟೆಲಿನವರು ನಮ್ಮ ಖಾತೆಗೆ ಕೈ ಹಾಕುತ್ತಾರೆ, ನಾವು ನಂಬುತ್ತೇವೆ, ಅವರು ಬರೆದಷ್ಟೇ ತೆಗೆದುಕೊಳ್ಳುತ್ತಾರೆ. ಮೂವತ್ತೊಂಬತ್ತು ವರ್ಷದ ನನ್ನ ನೌಕರಿಯ ಬುನಾದಿಯೇ ಅಲ್ಲಾಡಿತು.

ಎಷ್ಟು ಬರೆಯುವುದು ಎಂಬ ವಿಚಾರದಲ್ಲಿ ಮನೆಯೊಳಗೇ ಎರಡು ಪಕ್ಷ. ಊಟದ್ದು 64 ಡಾಲರು. ಅಲ್ಲಿಯ ಮಾರಾಟ ತೆರಿಗೆ ನೂರಕ್ಕೆ ಎಂಟೂಕಾಲರ ಪ್ರಕಾರ 5 ಡಾಲರ್ 28 ಸೆಂಟ್. “ತೆರಿಗೆಯನ್ನು ಡಬಲ್ ಮಾಡಿ ಬರೆದುಬಿಡಿ ಮಾವ, ಲೆಕ್ಕ ಸುಲಭ” ಎಂದ ಅಳಿಯ. ಅದು ಹದಿನಾರೂವರೆ ಶೇಕಡಾ ಆಗುತ್ತದೆ, ಈಗಿನ ಕಾಲಕ್ಕೆ ಸಾಲದು, ಇಪ್ಪತ್ತು ಹಾಕಲೇಬೇಕು ಎಂದಳು ಮಗಳು. ಇಪ್ಪತ್ತು ಶೇಕಡಾ ಅಂದರೆ 12 ಡಾಲರ್ 80 ಸೆಂಟ್. ಆಗಿನ ರೇಟಿಗೆ ಸುಮಾರು ಒಂಬೈನೂರು ರೂಪಾಯಿ. ನನ್ನ ಮುಖ ನೋಡಿ ಮಗಳು ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿದಳು. “ಪಪ್ಪಾ, ಆ ಹುಡುಗಿಗೆ ಹೋಟೆಲಿನವರು ಗಂಟೆಗೆ ಎರಡು ಡಾಲರು ಹದಿಮೂರು ಸೆಂಟು ಕೊಟ್ಟರೂ ಇಲ್ಲಿ ಕಾನೂನಿಗೆ ಸಾಕು. 1991ರಿಂದ ಅದು ಒಂದು ಸೆಂಟೂ ಏರಿಲ್ಲ.” ಟಿಪ್ಸು ಕೂಡಿ ಗಂಟೆಗೆ ಏಳೂಕಾಲು ಡಾಲರು ಆಗದಿದ್ದರೆ ಮಾತ್ರ ಉಳಿದದ್ದನ್ನು ದಣಿ ತುಂಬಬೇಕಂತೆ. ಟಿಪ್ಸು ಪಡೆಯುವವರಿಗೂ ಪೂರ್ತಿ ಕನಿಷ್ಠ ವೇತನ ಕೊಡಬೇಕೆನ್ನುವ ಕ್ಯಾಲಿಫೋರ್ನಿಯದಂಥ ರಾಜ್ಯಗಳೂ ಇವೆಯಂತೆ. ಟೆಕ್ಸಸ್ ಆ ಪಟ್ಟಿಯಲ್ಲಿಲ್ಲ. ಅಂದರೆ ಆ ಅರ್ಧ ಗಂಟೆಯ ಮಟ್ಟಿಗೆ ಆ ಹುಡುಗಿಯ ದಣಿ ನಾನೇ. ಬರೆದೆ. 12.80. ಒಟ್ಟು 82.08. ಕೆಳಗೆ ಸಹಿ.

ದುಡ್ಡು ಹೋದದ್ದಕ್ಕೆ ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು, ಆದರೆ ಅದು ಆ ರಾತ್ರಿಗೇ ಮುಗಿಯಿತು. ಮುಗಿಯದೆ ಉಳಿದದ್ದು ಆ ಗೆರೆ. ನಾನು ಕೊಟ್ಟದ್ದನ್ನು ನಾನೇ ಅಂಕೆಯಲ್ಲಿ ಬರೆದು, ರುಜು ಹಾಕಿ, ಪಡೆಯುವವಳ ಕೈಗೆ ಮೆರವಣಿಗೆಯಲ್ಲಿ ಒಪ್ಪಿಸುವುದು. ಟಿಪ್ಸನ್ನು ಹಾಗೆ ಕೊಡುವುದನ್ನು ನಾನು ಕಲಿತಿರಲಿಲ್ಲ. ನಾನು ಕಲಿತದ್ದು ಬೇರೆ ಶಾಲೆ.

1971ರಲ್ಲಿ ಊರಿನಲ್ಲಿ ಏಳನೇ ಕ್ಲಾಸು ಮುಗಿಸಿ ಬೊಂಬಾಯಿಗೆ ಬಂದೆ. ಕೊಂಕಣ ರೈಲು ಓಡಲು ಇನ್ನೂ ಇಪ್ಪತ್ತೇಳು ವರ್ಷ ಬಾಕಿ ಇತ್ತು. ಬಸ್ಸಿನ ಕಿಟಕಿಯ ಹೊರಗೆ ತಲೆ ಹಾಕಿಕೊಂಡೇ ಘಟ್ಟ ಹತ್ತಿದೆ, ಇಳಿದೆ. ಫೋರ್ಟಿನಲ್ಲಿ ಮಾವನ ಪರಿಚಯದ ಒಂದು ಉಡುಪಿ ಹೋಟೆಲು. ಹದಿಮೂರು ವರ್ಷದ ಹುಡುಗನನ್ನು ಹಾಗೆ ಕೆಲಸಕ್ಕಿಡುವುದು ತಪ್ಪೆಂದು ಆಗ ಯಾರಿಗೂ ಅನಿಸಿರಲಿಲ್ಲ, ನನಗೂ ಅನಿಸಿರಲಿಲ್ಲ. ಹೋಟೆಲು, ಢಾಬಾಗಳಲ್ಲಿ ಮಕ್ಕಳನ್ನು ದುಡಿಸಬಾರದೆಂಬ ನಿಷೇಧ ಬಂದದ್ದು 2006ರ ಅಕ್ಟೋಬರಿನಲ್ಲಿ. ಅಷ್ಟು ಹೊತ್ತಿಗೆ ಆ ಹುಡುಗ ಬ್ಯಾಂಕಿನಲ್ಲಿ ಆಫೀಸರಾಗಿ ಮುಲುಂಡಿನಲ್ಲಿ ಫ್ಲ್ಯಾಟಿನ ಕಂತು ಕಟ್ಟುತ್ತಿದ್ದ.

ಹೋಟೆಲಿಗೂ ಒಂದು ಏಣಿ ಇತ್ತು. ಮೋರಿಯಲ್ಲಿ ತಟ್ಟೆ ತೊಳೆಯುವುದರಿಂದ ಶುರು. ಆಮೇಲೆ ಮೇಜು ಒರೆಸುವುದು, ಆಮೇಲೆ ನೀರು ಇಡುವುದು, ಆಮೇಲೆ ಸುತ್ತಲಿನ ಆಫೀಸುಗಳಿಗೆ ಚಾ ಹೊತ್ತೊಯ್ಯುವ ಬಾಹರ್‌ವಾಲಾ, ಅದಾದ ಮೇಲೆ ವೇಟರು. ಎಲ್ಲಕ್ಕಿಂತ ಮೇಲೆ ಗಲ್ಲಾ, ಅಲ್ಲಿ ಊದುಬತ್ತಿಯ ಹೊಗೆಯಲ್ಲಿ ಅರ್ಧ ಮುಚ್ಚಿಹೋದ ದಣಿಗಳು. ನಾನು ಆರು ತಿಂಗಳಲ್ಲಿ ಮೋರಿಯಿಂದ ಮೇಜಿಗೆ ಏರಿದೆ. ಸಂಬಳವನ್ನು ಮಾವ ನೇರವಾಗಿ ಅಮ್ಮನಿಗೆ ಮನಿಯಾರ್ಡರ್ ಮಾಡುತ್ತಿದ್ದರು. ನಾನು ಅದರ ಬಣ್ಣ ಕಂಡವನಲ್ಲ. ನನ್ನದು ಎಂದು ಹೇಳಿಕೊಳ್ಳುವ ದುಡ್ಡು ಟಿಪ್ಸು ಮಾತ್ರ.

ಅದರಲ್ಲೂ ಒಂದು ಬರೆಯದ ಕಾನೂನು. ಬಡೆಸೋಪಿನ ತಟ್ಟೆಯಲ್ಲಿ ಬಿಟ್ಟ ಚಿಲ್ಲರೆ ವೇಟರಿನದು. ಕಪ್ಪಿನ ಸಾಸರಿನಡಿ ಇಟ್ಟದ್ದು ಮೇಜು ಒರೆಸುವವನದು, ಯಾಕೆಂದರೆ ಅದನ್ನು ಎತ್ತುವವನು ಅವನೇ. ಈ ಕಾನೂನು ಗಿರಾಕಿಗಳಿಗೆ ಗೊತ್ತಿರಲಿಲ್ಲ, ಆದ್ದರಿಂದ ನಮ್ಮ ಪಾಲು ಕಮ್ಮಿ. ಕೆಲವರು ಉಳಿದ ಸಾಂಬಾರಿನೊಳಗೆ ಹತ್ತು ಪೈಸೆ ಹಾಕಿ ಹೋಗುತ್ತಿದ್ದರು. ತಮಾಷೆಗೋ ಸಿಟ್ಟಿಗೋ ಗೊತ್ತಿಲ್ಲ. ಅಂಚು ಕುಸುರಿಯ, ಅಲ್ಯುಮಿನಿಯಮ್ಮಿನ ಆ ಹೊಸ ನಾಣ್ಯ ಎಷ್ಟು ಹಗುರವೆಂದರೆ ನಮ್ಮ ಸಾಂಬಾರು ಇನ್ನೊಂದು ಸ್ವಲ್ಪ ದಪ್ಪಗಿದ್ದಿದ್ದರೆ ತೇಲುತ್ತಿತ್ತು. ಬೆರಳು ಹಾಕಿ ಹುಡುಕುತ್ತಿದ್ದೆ. ಸಾಂಬಾರಿನೊಳಗಿನದ್ದು ಯಾರಿಗೆ ಸೇರಬೇಕೆಂಬ ವ್ಯಾಜ್ಯ ಒಮ್ಮೆ ಗಲ್ಲಾದವರೆಗೆ ಹೋಗಿ, ತಟ್ಟೆ ತೊಳೆಯುವ ಹುಡುಗನ ಪರವಾಗಿ ತೀರ್ಪಾಯಿತು.

ಬಿಲ್ಲು ಬರೆಯುವ ಪದ್ಧತಿ ಇರಲಿಲ್ಲ. ಗಿರಾಕಿ ಎದ್ದ ಕೂಡಲೇ ವೇಟರು ಅಲ್ಲಿಂದಲೇ ಗಲ್ಲಾಕ್ಕೆ ಕೇಳುವಂತೆ ಕೂಗುವುದು: “ಲಾಲ್ ಶರ್ಟ್, ಏಕ್ ರುಪಯಾ ದಸ್ ಪೈಸಾ!” ಕೆಂಪು ಶರ್ಟಿನವನು ಒಂದು ರೂಪಾಯಿ ಹತ್ತು ಪೈಸೆ ತಿಂದನೆಂದು ಅರ್ಧ ಫೋರ್ಟಿಗೆ ಗೊತ್ತಾಗುತ್ತಿತ್ತು. ಅದೇ ಹೋಟೆಲಿನಲ್ಲಿ ಟಿಪ್ಸು ಮಾತ್ರ ಗುಟ್ಟು. ಕೊಡುವವರು ಎಷ್ಟು ಕೊಟ್ಟರೆಂದು ಯಾರೂ ಕೂಗುತ್ತಿರಲಿಲ್ಲ. ದಣಿಗಳಿಗೆ ಒಂದು ಉಪಾಯ ಗೊತ್ತಿತ್ತು. ಎರಡು ರೂಪಾಯಿ ನೋಟಿಗೆ ಚಿಲ್ಲರೆ ಕೊಡುವಾಗ ಎಂಟಾಣೆಯ ನಾಣ್ಯ ಪೆಟ್ಟಿಗೆಯಲ್ಲಿ ಧಾರಾಳ ಇದ್ದರೂ ಕೊಡರು. ನಾಲ್ಕಾಣೆ, ಹತ್ತು ಪೈಸೆ, ಐದು ಪೈಸೆ ಎಂದು ಎಣಿಸಿ ಬಡೆಸೋಪಿನ ತಟ್ಟೆಯಲ್ಲಿ ಹರಡಿ ಮುಂದಿಡುವರು. ಎಂಟಾಣೆ ಕೊಟ್ಟರೆ ಗಿರಾಕಿ ಎಂಟಾಣೆಯನ್ನೂ ಜೇಬಿಗೆ ಹಾಕುತ್ತಾನೆ. ಬಿಡಿ ಕೊಟ್ಟರೆ ಹತ್ತು ಪೈಸೆಯಾದರೂ ತಟ್ಟೆಯಲ್ಲಿ ಉಳಿಯುತ್ತದೆ. ತಮ್ಮ ಜೇಬಿನಿಂದ ಕಾಸು ಬಿಚ್ಚದೆ ಹುಡುಗರ ಸಂಬಳ ಏರಿಸುವ ಈ ವಿದ್ಯೆ ಅವರಿಗೆ ಯಾರು ಕಲಿಸಿದರೋ. ಟೆಕ್ಸಸ್ಸಿನ ಕಾನೂನು ಮಾಡಿದವರು ನಮ್ಮ ದಣಿಗಳ ಕೈಕೆಳಗೆ ಕೆಲಸ ಮಾಡಿದ್ದರೋ ಏನೋ ಎಂದು ಆ ರಾತ್ರಿ ಹಾಸಿಗೆಯಲ್ಲಿ ಅನಿಸಿ ಒಬ್ಬನೇ ನಕ್ಕೆ.

ಇಬ್ಬರು ಗಿರಾಕಿಗಳು ನೆನಪಿದ್ದಾರೆ. ಒಬ್ಬರು ಬಟ್ಟೆ ವ್ಯಾಪಾರಿ. ಮೂರ್ನಾಲ್ಕು ಸ್ನೇಹಿತರನ್ನು ಕೂಡಿಸಿಕೊಂಡೇ ಬರುವರು. ಎದ್ದು ಹೊರಡುವಾಗ “ಏ ಛೋಕ್ರಾ” ಎಂದು ಕರೆದು, ಕೈ ಚಾಚಲು ಹೇಳಿ, ಅಂಗೈ ಮೇಲೆ ನಾಲ್ಕಾಣೆ ಇಟ್ಟು, “ಇದರಲ್ಲಿ ಏನು ಮಾಡ್ತೀ?” ಎಂದು ಹಿಂದಿಯಲ್ಲಿ ಕೇಳುವರು. ನಾನು ಏನಾದರೂ ಹೇಳಬೇಕು, ಸ್ನೇಹಿತರು ನಗಬೇಕು. ಆಗಲೇ ನಾಲ್ಕಾಣೆ ನನ್ನದಾಗುವುದು. ಅವರಷ್ಟು ಕೊಟ್ಟವರು ಬೇರೆ ಯಾರೂ ಇರಲಿಲ್ಲ. ಅವರು ಬಾಗಿಲಲ್ಲಿ ಕಂಡರೆ ನಾನು ಮೋರಿಯ ಕಡೆ ಹೋಗಿ ಬೇಕೆಂದೇ ತಟ್ಟೆ ತೊಳೆಯಲು ನಿಲ್ಲುತ್ತಿದ್ದೆ.

ಇನ್ನೊಬ್ಬರು ಹೈಕೋರ್ಟಿನಲ್ಲಿ ಗುಮಾಸ್ತರೋ ಏನೋ. ಕಪ್ಪು ಕೋಟು, ಮೊಣಕೈಯಲ್ಲಿ ತೇಪೆ. ಮೂಲೆಯ ಮೇಜು, ಒಂದು ಪ್ಲೇಟು ಇಡ್ಲಿ, ಒಂದು ಚಾ. ಮಾತಿಲ್ಲ. ತಿಂಗಳ ಮೊದಲ ವಾರ ಒಂದು ದಿನ ಮಾತ್ರ, ಅವರು ಎದ್ದುಹೋದ ಮೇಲೆ ಸಾಸರು ಎತ್ತಿದರೆ ಕೆಳಗೆ ತಾವರೆಯ ಚಿತ್ರದ ಹಿತ್ತಾಳೆಯ ಇಪ್ಪತ್ತು ಪೈಸೆ. ಅದರಲ್ಲಿ ಚಿನ್ನ ಬೆರೆಸಿದ್ದಾರೆಂದು ಹುಡುಗರು ಹೇಳುತ್ತಿದ್ದ ಕಾಲ. ಖರ್ಚು ಮಾಡಲು ಮನಸ್ಸಾಗದು. ಓಡಿ ಬಾಗಿಲಿಗೆ ಹೋಗಿ ನೋಡಿದರೆ ಅವರು ಆಗಲೇ ರಸ್ತೆ ದಾಟಿರುತ್ತಿದ್ದರು. ಒಮ್ಮೆಯೂ ಹಿಂದಿರುಗಿ ನೋಡಿದವರಲ್ಲ. ಕೊಟ್ಟರು ಅನಿಸುತ್ತಿರಲಿಲ್ಲ, ಸಿಕ್ಕಿತು ಅನಿಸುತ್ತಿತ್ತು. ಬೆಳಗ್ಗೆ ಗದ್ದೆಯ ಬದುವಿನಲ್ಲಿ ಬಿದ್ದ ಮಾವಿನಹಣ್ಣು ಸಿಕ್ಕಿದ ಹಾಗೆ. ಅಂಥ ನಾಣ್ಯಗಳನ್ನು ಕೂಡಿಸಿ ರಾತ್ರಿ ಶಾಲೆಗೆ ಒಂದು ಫೌಂಟನ್ ಪೆನ್ನು ಕೊಂಡೆ. 

ರಾತ್ರಿ ಶಾಲೆಯ ಮಾತು ಬಂದರೆ ನಮ್ಮ ತಲೆಮಾರಿನವರು ಸುಮ್ಮನಾಗುವುದಿಲ್ಲ, ಆದರೂ ಇಲ್ಲಿ ಚಿಕ್ಕದಾಗಿ ಹೇಳುತ್ತೇನೆ. ಮೊಗವೀರರ ಶಾಲೆ, ಬಿಲ್ಲವರ ಗುರುನಾರಾಯಣ ರಾತ್ರಿ ಶಾಲೆ, ಹೀಗೆ ಬೊಂಬಾಯಿಯಲ್ಲಿ ಕನ್ನಡದ ರಾತ್ರಿ ಶಾಲೆಗಳು ಹಲವಿದ್ದವು. ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವ ಹುಡುಗರು ಸಂಜೆ ಕೈಯ ಈರುಳ್ಳಿ ವಾಸನೆ ಹೋಗುವಂತೆ ತಿಕ್ಕಿ ತೊಳೆದು ಬೆಂಚಿನ ಮೇಲೆ ಕೂರುತ್ತಿದ್ದರು. ಅರ್ಧ ಕ್ಲಾಸು ನಿದ್ದೆ. ಮೇಷ್ಟ್ರುಗಳೂ ಹಗಲು ಎಲ್ಲೋ ದುಡಿದು ಬಂದವರೇ, ಎಬ್ಬಿಸುತ್ತಿರಲಿಲ್ಲ. ಅಲ್ಲಿಂದ ಎಸ್‌ಎಸ್‌ಸಿ ಆಯಿತು, 1979ರಲ್ಲಿ ಬ್ಯಾಂಕಿನ ಗುಮಾಸ್ತಿಕೆ ಸಿಕ್ಕಿತು.

ಕಾರ್ಡೆಂಬುದನ್ನು ನಾನು ಮೊದಲು ಕಂಡದ್ದು ಅಲ್ಲಿಯೇ. ಕಾರ್ಡು ಹುಟ್ಟಿದ್ದೇ ಹೋಟೆಲಿನಲ್ಲಿ ಎಂದು ಒಂದು ಕತೆ ಇದೆ. ನ್ಯೂಯಾರ್ಕಿನಲ್ಲಿ ಒಬ್ಬ ಸಾಹುಕಾರ ಊಟ ಮುಗಿಸಿ ಜೇಬು ತಡವಿದರೆ ಪಾಕೀಟು ಮನೆಯಲ್ಲಿ ಉಳಿದಿತ್ತಂತೆ, ಆ ಅವಮಾನದಿಂದ 1950ರಲ್ಲಿ ಡೈನರ್ಸ್ ಕ್ಲಬ್ ಎಂಬ ಕಾರ್ಡು ಬಂತಂತೆ. ಕತೆಗೆ ಬಣ್ಣ ಎಷ್ಟು ಬಳಿದಿದ್ದಾರೋ, ಹೆಸರಂತೂ ಉಣ್ಣುವವರ ಕೂಟ. ನಮ್ಮಲ್ಲಿ ಬ್ಯಾಂಕು ಕೊಡುವ ಕಾರ್ಡು ಬಂದದ್ದು 1980ರಲ್ಲಿ, ಸೆಂಟ್ರಲ್ ಬ್ಯಾಂಕಿನದು. ಆಗ ಇಸ್ತ್ರಿ ಪೆಟ್ಟಿಗೆಯಂಥ ಒಂದು ಯಂತ್ರದಲ್ಲಿ ಕಾರ್ಡು ಇಟ್ಟು, ಮೇಲೆ ಕಾರ್ಬನ್ ಹಾಳೆಯ ಚೀಟಿ ಹೊದಿಸಿ, ಘಸಕ್ ಘಸಕ್ ಎಂದು ಎಳೆಯಬೇಕು. ಉಬ್ಬಿದ ಅಂಕೆಗಳು ಚೀಟಿಯಲ್ಲಿ ಮೂಡುತ್ತಿದ್ದವು. ಕೊಲಾಬಾ, ಚರ್ಚ್‌ಗೇಟಿನ ದೊಡ್ಡ ಹೋಟೆಲುಗಳ ಚೀಟಿಗಳು ನನ್ನ ಮೇಜಿಗೆ ಕಂತೆಯಾಗಿ ಬರುತ್ತಿದ್ದವು. ಅವುಗಳಲ್ಲಿ ಟಿಪ್ಸಿಗೆಂದು ಒಂದು ಸಾಲು ಅಚ್ಚಾಗಿರುತ್ತಿತ್ತು. ನನ್ನ ಕೈ ದಾಟಿದ ಚೀಟಿಗಳಲ್ಲಿ ಆ ಸಾಲು ತುಂಬಿದ್ದನ್ನು ಕಂಡದ್ದು ಬೆರಳೆಣಿಕೆ. ಕಾರ್ಡಿನಲ್ಲಿ ಬಿಲ್ಲು, ಕೈಯಲ್ಲಿ ಟಿಪ್ಸು, ಇದು ನಮ್ಮ ದೇಶದ ಪದ್ಧತಿ. ವೇಟರುಗಳಿಗೂ ಅದೇ ಬೇಕಿತ್ತು. ಕಾರ್ಡಿಗೆ ಹಾಕಿದ್ದು ಯಾವಾಗ ಕೈಗೆ ಬರುತ್ತದೋ, ಬರುವಾಗ ಎಷ್ಟಾಗಿರುತ್ತದೋ.

ಆ ಅನುಮಾನ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ ಎಂದರೆ ನಂಬಬೇಕು. ಕಾರ್ಡಿನ ಮೂಲಕ ಬಂದ ಟಿಪ್ಸನ್ನು ಹೋಟೆಲು ಕೂಡಿಸಿ ನೌಕರರಿಗೆ ಹಂಚಿದರೆ ಅದು ಸಂಬಳವೋ, ಅದರಲ್ಲಿ ಆದಾಯ ತೆರಿಗೆ ಮುರಿದುಕೊಳ್ಳಬೇಕೋ ಎಂದು ತೆರಿಗೆ ಇಲಾಖೆಗೂ ಐಟಿಸಿಗೂ ವ್ಯಾಜ್ಯ. 2016ರ ಏಪ್ರಿಲ್‌ನಲ್ಲಿ ಕೋರ್ಟು ಹೇಳಿತು: ಅದು ಗಿರಾಕಿ ಕೊಟ್ಟದ್ದು, ದಣಿ ಕೊಟ್ಟದ್ದಲ್ಲ, ಹೋಟೆಲು ಅದನ್ನು ಹಂಚುವವರೆಗೆ ಕಾಯ್ದಿಡುವ ವಿಶ್ವಸ್ಥ ಮಾತ್ರ, ಆದ್ದರಿಂದ ಸಂಬಳವಲ್ಲ. ಪಡೆದವನು ತನ್ನ ಇತರ ಆದಾಯವೆಂದು ತಾನೇ ತೋರಿಸಬೇಕು. ತೀರ್ಪನ್ನು ಪೇಪರಿನಲ್ಲಿ ಓದಿದ ದಿನ, ಸಾಂಬಾರಿನ ಹತ್ತು ಪೈಸೆಯ ವ್ಯಾಜ್ಯವನ್ನು ಐದು ನಿಮಿಷದಲ್ಲಿ ತೀರಿಸಿದ ನಮ್ಮ ದಣಿಗಳು ನೆನಪಾದರು.

2013ರ ಕೊನೆಯ ಹೊತ್ತಿಗೆ ಅಂಗಡಿಯಲ್ಲಿ ಡೆಬಿಟ್ ಕಾರ್ಡು ಉಜ್ಜಿದಾಗಲೆಲ್ಲ ಪಿನ್ ಒತ್ತಲೇಬೇಕೆಂದು ರಿಸರ್ವ್ ಬ್ಯಾಂಕು ಕಡ್ಡಾಯ ಮಾಡಿತು. ಒತ್ತಿದ ಮೇಲೆ ಮುಗಿಯಿತು, ಅಮೆರಿಕದ ಹಾಗೆ ಹಿಂದಿನಿಂದ ಟಿಪ್ಸು ಸೇರಿಸಲು ದಾರಿಯೇ ಇಲ್ಲ. ಇದನ್ನು ಗಿರಾಕಿಗಳಿಗೆ ತಿಳಿಹೇಳುವ ಕೆಲಸ ನಮ್ಮದಾಯಿತು. ಪಿನ್ ಯಾರಿಗೂ ಹೇಳಬೇಡಿ ಎಂದು ಪಾಂಪ್ಲೆಟ್ಟು ಹಂಚಿದೆವು, ಬೋರ್ಡು ಹಾಕಿದೆವು. ಅದೇ ವಾರ ಘಾಟ್‌ಕೋಪರಿನ ಒಂದು ಹೋಟೆಲಿನಲ್ಲಿ ಪಕ್ಕದ ಮೇಜಿನ ಗೃಹಸ್ಥರು ಬಾಯಲ್ಲಿ ಮೈಸೂರು ಮಸಾಲೆ ಇಟ್ಟುಕೊಂಡೇ ವೇಟರಿಗೆ ಕೂಗಿ ಹೇಳಿದರು: “ಲಿಖೋ, ಚಾರ್ ಸಾತ್ ಚಾರ್ ಸಾತ್.” ವೇಟರು ಒತ್ತಿದ. ಯಾರಿಗೂ ಏನೂ ಅನಿಸಲಿಲ್ಲ. “ಲಾಲ್ ಶರ್ಟ್, ಏಕ್ ರುಪಯಾ ದಸ್ ಪೈಸಾ” ಎಂದು ಕೂಗಿದ ಊರಲ್ಲವೇ ಇದು.

ಅಮೆರಿಕಕ್ಕೆ ಎರಡನೇ ಸಲ ಹೋದಾಗ ಆ ಚೀಟಿ, ಪೆನ್ನು ಕಮ್ಮಿಯಾಗಿ, ಗೋಣು ತಿರುಗಿಸುವ ಪರದೆ ಬಂದಿತ್ತು. ಕಾಫಿ ಅಂಗಡಿಯಲ್ಲಿ ನಾನೇ ನಿಂತು ಕೇಳಿ, ನಾನೇ ಲೋಟ ಎತ್ತಿಕೊಂಡು, ನಾನೇ ಸಕ್ಕರೆ ಬೆರೆಸಿಕೊಂಡ ಕಾಫಿಗೆ ಆ ಪರದೆ ನನ್ನ ಕಡೆ ತಿರುಗಿ 18, 20, 25 ಎಂದು ಮೂರು ದೊಡ್ಡ ಗುಂಡಿ ತೋರಿಸಿತು. ಏನೂ ಬೇಡ ಎನ್ನುವವರಿಗೆ ಕೆಳಗೆ ಒಂದು ಚಿಕ್ಕ ಅಕ್ಷರದ ಸಾಲು, ನನ್ನ ಕನ್ನಡಕಕ್ಕೆ ಸಿಗದಷ್ಟು ಚಿಕ್ಕದು. ಆಚೆ ನಿಂತ ಹುಡುಗ ನನ್ನನ್ನೇ ನೋಡುತ್ತಿದ್ದ. ಹಿಂದೆ ನಾಲ್ಕು ಜನ ಸರದಿಯಲ್ಲಿದ್ದರು. ಬಟ್ಟೆ ವ್ಯಾಪಾರಿಯ ಎದುರು ಕೈ ಚಾಚಿ ನಿಂತಾಗ ಬೆನ್ನ ಮೇಲೆ ಇಳಿಯುತ್ತಿದ್ದ ಬೆವರು ಐವತ್ತು ವರ್ಷದ ಮೇಲೆ ಮತ್ತೆ ಇಳಿಯಿತು. ಈ ಸಲ ಕೊಡುವವನು ನಾನು ಎಂಬುದಷ್ಟೇ ವ್ಯತ್ಯಾಸ. 20 ಒತ್ತಿದೆ.

ಜರ್ಮನಿಯಲ್ಲಿರುವ ಅಣ್ಣನ ಮಗ ಹೇಳುವಂತೆ ಅಲ್ಲಿ ಬಾಯಿಯಲ್ಲೇ ಹೇಳಬೇಕಂತೆ. ಬಿಲ್ಲು 28 ಯೂರೋ ಆದರೆ, ಮಷೀನು ಕೈಗೆ ತೆಗೆದುಕೊಳ್ಳುವ ಮೊದಲೇ “ಮೂವತ್ತು” ಎಂದರೆ ಅಷ್ಟೇ ಒತ್ತುತ್ತಾರೆ. ಹೇಳಲು ತಡಮಾಡಿದಿರೋ, 28ಕ್ಕೇ ಮುಗಿಯಿತು, ಮೇಲಿನದ್ದಕ್ಕೆ ಜೇಬಿನಲ್ಲಿ ನಾಣ್ಯ ಹುಡುಕಬೇಕು. ಭಾಷೆ ಬಾರದ ಅವನು ಮೊದಲ ಆರು ತಿಂಗಳು ಅದಕ್ಕೇ ಹೆದರಿ ಹೋಟೆಲಿಗೆ ಹೋಗಲಿಲ್ಲವಂತೆ. ಫ್ರಾನ್ಸಿನಲ್ಲಿ ಸೇವೆಯ ಖರ್ಚು ತಿಂಡಿಯ ಬೆಲೆಯೊಳಗೇ ಸೇರಿರಬೇಕೆಂದು ಕಾನೂನು, ಹಾಗಾಗಿ ಬಿಟ್ಟರೆ ಬಿಟ್ಟ ಚಿಲ್ಲರೆ. ಇಂಗ್ಲೆಂಡಿನಲ್ಲಿ ಟಿಪ್ಸಿನ ಒಂದು ಕಾಸನ್ನೂ ದಣಿ ಇಟ್ಟುಕೊಳ್ಳದೆ ನೌಕರರಿಗೇ ಹಂಚಬೇಕೆಂಬ ಕಾಯಿದೆ 2024ರ ಅಕ್ಟೋಬರಿನಿಂದ ಜಾರಿಯಾಗಿದೆ. ಜಪಾನಿನಲ್ಲಿ ಕೊಡುವಂತೆಯೇ ಇಲ್ಲ. ಮೇಜಿನ ಮೇಲೆ ನಾಣ್ಯ ಬಿಟ್ಟು ಬಂದರೆ ಮರೆತುಹೋದಿರೆಂದು ಹಿಂದೆಯೇ ಓಡಿಬಂದು ಕೈಗೆ ಕೊಡುತ್ತಾರಂತೆ.

ನಮ್ಮಲ್ಲಿಯ ದೊಡ್ಡ ಹೋಟೆಲುಗಳು ಇದಕ್ಕೆ ಬೇರೆ ದಾರಿ ಹುಡುಕಿಕೊಂಡವು. ಕೇಳುವುದೂ ಬೇಡ, ಹೇಳುವುದೂ ಬೇಡ, ಹತ್ತು ಶೇಕಡಾ ಸರ್ವಿಸ್ ಚಾರ್ಜ್ ಎಂದು ಬಿಲ್ಲಿನಲ್ಲೇ ಅಚ್ಚು ಹಾಕಿಬಿಟ್ಟವು. ಹಾಗೆ ತಾನಾಗಿ ಸೇರಿಸಕೂಡದೆಂದು ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಆದೇಶಿಸಿತು. ಹೋಟೆಲು ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು. 2025ರ ಮಾರ್ಚ್ 28ಕ್ಕೆ ಪ್ರಾಧಿಕಾರದ ಮಾತೇ ಸರಿ ಎಂದು ತೀರ್ಪು ಬಂತು. ನಮ್ಮ ಉಡುಪಿ ಹೋಟೆಲುಗಳಲ್ಲಿ ನಾನಂತೂ ಆ ಸಾಲನ್ನು ಕಂಡದ್ದಿಲ್ಲ. ನಮ್ಮವರು ಸಾಂಬಾರಿಗೆ ಎರಡನೇ ಸಲ ದುಡ್ಡು ಕೇಳಲೇ ನಾಚುವವರು.

ಅವರಿಗೆ ಏಟು ಬಿದ್ದದ್ದು ಬೇರೆ ಕಡೆಯಿಂದ. 2011ರ ಜೂನ್ ಕೊನೆಗೆ ನಾಲ್ಕಾಣೆ ಚಲಾವಣೆಯಿಂದ ಹೋಯಿತು. ಯಾರೂ ಅಳಲಿಲ್ಲ, ಅಷ್ಟು ಹೊತ್ತಿಗೆ ಅದನ್ನು ಭಿಕ್ಷುಕರೂ ವಾಪಸು ಕೊಡುತ್ತಿದ್ದರು. 2016ರ ಏಪ್ರಿಲ್‌ನಲ್ಲಿ ಇಲ್ಲೇ ಮುಂಬಯಿಯಲ್ಲಿ ಯುಪಿಐ ಹುಟ್ಟಿತು, ನವೆಂಬರ್ 8ರ ರಾತ್ರಿ ನೋಟು ರದ್ದಾದವು. ಅಲ್ಲಿಂದ ಮುಂದೆ ಗಲ್ಲಾದಲ್ಲಿ ಗಣಪತಿಯ ಪಕ್ಕಕ್ಕೆ ಕ್ಯೂಆರ್ ಕೋಡಿನ ಫಲಕ ಬಂದು ಕೂತಿತು. ಬಿಲ್ಲು 187 ಆದರೆ 187 ಮಾತ್ರ ಹೋಗುತ್ತದೆ, ಪೈಸೆ ಆಚೆ ಇಲ್ಲ ಈಚೆ ಇಲ್ಲ. ದಣಿಗಳ ಬಿಡಿ ಚಿಲ್ಲರೆಯ ವಿದ್ಯೆ ಅಲ್ಲಿಗೆ ಮುಗಿಯಿತು. ಹದಿಮೂರು ರೂಪಾಯಿ ವಾಪಸು ಬರುವಾಗ ಮನಸ್ಸು ಮೂರು ನಿಮಿಷಕ್ಕೆ ದೊಡ್ಡದಾಗುತ್ತಿತ್ತು, ಈಗ ವಾಪಸು ಬರುವುದೇ ಇಲ್ಲ. ಬಡೆಸೋಪಿನ ತಟ್ಟೆಯಲ್ಲಿ ಬಡೆಸೋಪು ಮಾತ್ರ. ಕೂಗುವ ಕೆಲಸ ಮಾತ್ರ ನಿಂತಿಲ್ಲ. ಗಲ್ಲಾದ ಡಬ್ಬಿಯೊಂದು ಹೆಂಗಸಿನ ದನಿಯಲ್ಲಿ “ಏಕ್ ಸೌ ಸತ್ತಾಸಿ ರುಪಯೇ ಪ್ರಾಪ್ತ್ ಹುಯೇ” ಎಂದು ಊರಿಗೆಲ್ಲ ಸಾರುತ್ತದೆ. ಶರ್ಟಿನ ಬಣ್ಣ ಹೇಳುವುದೊಂದು ಬಾಕಿ.

ಕಳೆದ ವರ್ಷ ಡಿಸೆಂಬರಿನಲ್ಲಿ ಮಗಳ ಮಗಳು ಬಂದಿದ್ದಳು. ಹನ್ನೊಂದು ವರ್ಷ. ಕನ್ನಡ ಬರುತ್ತದೆ, ಲೆಕ್ಕ ಅದಕ್ಕಿಂತ ಚೆನ್ನಾಗಿ ಬರುತ್ತದೆ. ಅವಳನ್ನು ಮಾಟುಂಗಕ್ಕೆ ಕರೆದುಕೊಂಡು ಹೋದೆ. ಸ್ಟೇಷನ್ನಿನ ಬದಿಯಲ್ಲಿ ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗನ್ನು ತೋರಿಸಿದೆ, ಹೂವಿನ ಅಂಗಡಿಗಳ ಸಾಲು ತೋರಿಸಿದೆ, ಆಮೇಲೆ ನನಗೆ ರೂಢಿಯಿರುವ ಇನ್ನೊಂದು ಹೋಟೆಲಿನಲ್ಲಿ ಕೂತೆವು. ಬಂದ ವೇಟರಿಗೆ ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು. ಊರು ಝಾರ್ಖಂಡ್. ಈಗ ಊರಿನ ಹುಡುಗರು ಹೋಟೆಲಿಗೆ ಬರುವುದಿಲ್ಲ, ಗಲ್ಲಾದಲ್ಲಿ ಕೂರುವವರ ಮಕ್ಕಳೂ ಗಲ್ಲಾದಲ್ಲಿ ಕೂರುವುದಿಲ್ಲ. ಆದರೆ ಈ ಹುಡುಗ ಎರಡೇ ವರ್ಷದಲ್ಲಿ ಅಡುಗೆಯವರಿಂದ ತುಳು ಕಲಿತುಬಿಟ್ಟಿದ್ದ. ನನ್ನನ್ನು “ಅಜ್ಜೆರೆ” ಎಂದು ಕರೆದು, ಮೊಮ್ಮಗಳಿಗೆ ಖಾರ ಕಮ್ಮಿ ಹಾಕಿಸುವೆನೆಂದು ತುಳುವಿನಲ್ಲೇ ಹೇಳಿದ. ಮೊಮ್ಮಗಳಿಗೆ ತುಳು ಬಾರದು. ನಾನು ತುಳುವಿನಿಂದ ಕನ್ನಡಕ್ಕೆ ತಿರುಗಿಸಿ ಹೇಳಿದೆ.

ಬಿಲ್ಲು 420 ಆಯಿತು. ಫೋನು ಹಿಡಿದೆ, ಡಬ್ಬಿ ಕೂಗಿತು. “ಅಜ್ಜ, ಟ್ವೆಂಟಿ ಪರ್ಸೆಂಟ್ ಅಂದ್ರೆ ಎಂಬತ್ನಾಲ್ಕು” ಎಂದಳು ಮೊಮ್ಮಗಳು, ನಾನು ಕೇಳುವ ಮೊದಲೇ. ಇಲ್ಲಿ ಹಾಗೆಲ್ಲ ಇಲ್ಲ ಮಗೂ ಎಂದೆ. ಮತ್ತೆ ಹೇಗೆ ಎಂದು ಕೇಳಿದಳು. ನೋಡು, ಎಂದು ಜೇಬಿನಿಂದ ಐವತ್ತರ ನೋಟು ತೆಗೆದೆ. ಸಾಸರು ಹುಡುಕಿದರೆ ಸಾಸರೇ ಇಲ್ಲ, ಕಾಫಿ ಬಂದದ್ದು ಸ್ಟೀಲಿನ ಲೋಟ ಬಟ್ಟಲಿನಲ್ಲಿ. ನೋಟನ್ನು ನಾಲ್ಕಾಗಿ ಮಡಚಿ ಬಟ್ಟಲಿನ ಅಡಿಗೆ ಸರಿಸಿದೆ. “ಈಗ ಹಿಂದೆ ನೋಡದೆ ನಡೆಯಬೇಕು” ಎಂದೆ. ಅವಳಿಗೆ ಇದು ಯಾವುದೋ ಕಳ್ಳಾಟದಂತೆ ಕಂಡಿರಬೇಕು, ನನ್ನ ಕೈ ಹಿಡಿದು ಬಾಗಿಲಿನವರೆಗೂ ಉಸಿರು ಬಿಗಿಹಿಡಿದು ನಡೆದಳು.

ಸ್ಟೇಷನ್ನಿನ ಮೇಲುಸೇತುವೆಯ ಅರ್ಧ ಮೆಟ್ಟಿಲು ಹತ್ತಿದ್ದೆವು. ಹಿಂದಿನಿಂದ “ಅಜ್ಜೆರೆ, ಅಜ್ಜೆರೆ” ಎಂದು ಕೂಗು. ತಿರುಗಿದರೆ ಆ ಹುಡುಗ, ಏದುಸಿರು, ಹೆಗಲ ಮೇಲೆ ಮೇಜು ಒರೆಸುವ ಬಟ್ಟೆ. ಒದ್ದೆಯಾದ ಐವತ್ತರ ನೋಟನ್ನು ಬಿಡಿಸಿ ಎರಡೂ ಕೈಯಲ್ಲಿ ಹಿಡಿದಿದ್ದ. ಬಟ್ಟಲಿನ ಕೆಳಗೆ ಸಿಕ್ಕಿಕೊಂಡಿತ್ತು, ಮರೆತು ಬಂದಿರಿ, ಎಂದ.

ನಿನಗೇ ಇಟ್ಟದ್ದು ಎನ್ನಬೇಕಿತ್ತು. ಎರಡು ಪದ. ಜನ ಎಡಗಡೆ ಬಲಗಡೆ ತಳ್ಳಿಕೊಂಡು ಹತ್ತುತ್ತಿದ್ದರು, ಇಳಿಯುತ್ತಿದ್ದರು. ಅವನು ಕೈ ಚಾಚಿ ನಿಂತಿದ್ದ. ಚಾಚಿದ ಆ ಕೈ ನೋಡಿದ್ದೇ ನನ್ನ ಬಾಯಿ ಕಟ್ಟಿತು. “ಹೌದು ಮಾರಾಯ, ಮರೆತೇಹೋಗಿತ್ತು” ಎಂದು ನೋಟು ತೆಗೆದುಕೊಂಡು ಜೇಬಿಗೆ ಹಾಕಿಕೊಂಡೆ. ಉಪಕಾರವಾಯಿತು ಎಂದೂ ಸೇರಿಸಿದೆ. ಅವನು ನಕ್ಕು, ಮೊಮ್ಮಗಳಿಗೆ ಕೈಬೀಸಿ, ಎರಡೆರಡು ಮೆಟ್ಟಿಲು ಹಾರಿ ಇಳಿದು ಹೋದ.

ಮುಲುಂಡಿನ ಸ್ಲೋ ಲೋಕಲ್ಲಿನಲ್ಲಿ ಮೊಮ್ಮಗಳು ಕುರ್ಲಾದವರೆಗೆ ಮಾತಾಡಲಿಲ್ಲ. ಕುರ್ಲಾ ದಾಟಿದ ಮೇಲೆ, “ಅಜ್ಜ, ಈಗ ವಾಪಸು ತಂದುಕೊಟ್ಟದ್ದಕ್ಕೆ ಅವನಿಗೆ ಟಿಪ್ ಕೊಡಬೇಕಿತ್ತಲ್ವಾ?” ಎಂದು ಕೇಳಿದಳು.

ಆ ನೋಟು ಇನ್ನೂ ಡ್ರಾಯರಿನಲ್ಲಿದೆ, ಸಾಂಬಾರಿನ ಒಂದು ಕಲೆ ಸಮೇತ. ಮುಂದಿನ ಶನಿವಾರ ಮಾಟುಂಗಕ್ಕೆ ಹೋಗುವುದೆಂದು ಮೂರು ಸಲ ಹೊರಟು ಮೂರು ಸಲ ಬೇರೆ ಕೆಲಸ ನೆನಪು ಮಾಡಿಕೊಂಡಿದ್ದೇನೆ. ಮೊಮ್ಮಗಳು ಭಾನುವಾರ ವಿಡಿಯೋ ಕಾಲಿನಲ್ಲಿ ನನ್ನಿಂದ ಅಭ್ಯಾಸ ಮಾಡಿಸುತ್ತಾಳೆ. ಅವಳು ವೇಟರು, ನಾನು ಗಿರಾಕಿ. ಕೈಗೆ ಕೊಡಬೇಕು, ಮುಖ ನೋಡಬೇಕು, ಬಾಯಿ ಬಿಟ್ಟು ಹೇಳಬೇಕು. ಮೊನ್ನೆ ಮೊದಲ ಎರಡು ಚೆನ್ನಾಗಿ ಬಂದವು.